ಹಬ್ಬದ ಅಡಿಗೆ ಬೆಳಗಿನವರೆಗೆ ಉಳಿದರೆ...

ಕ್ರಿಸ್ತ ಜಯಂತಿಯ ಹಿಂದಿನ ಸಂಜೆ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ಒಮ್ಮೆ ನೆನೆದುಕೊಳ್ಳೋಣ. ಗೋದಲಿ ಸಿದ್ಧವಾಗಿರುತ್ತದೆ, ಬಾಗಿಲಲ್ಲಿ ನಕ್ಷತ್ರ ತೂಗುತ್ತಿರುತ್ತದೆ, ಮಕ್ಕಳು ಹೊಸ ಬಟ್ಟೆಗಾಗಿ ಹಾತೊರೆಯುತ್ತಿರುತ್ತಾರೆ. ನಡುರಾತ್ರಿಯ ಬಲಿಪೂಜೆಗೆ ಹೊರಡಬೇಕಾದ್ದರಿಂದ ಅಡಿಗೆಯೆಲ್ಲ ಸಂಜೆ ಏಳರೊಳಗೆ ಮುಗಿದಿರುತ್ತದೆ. ಗಾಯನ ವೃಂದದಲ್ಲಿ ಹಾಡುವವರು ಮನೆಯಲ್ಲಿದ್ದರಂತೂ ಇನ್ನೂ ಬೇಗ. ಬಿರಿಯಾನಿಯ ದೊಡ್ಡ ಪಾತ್ರೆಗೆ ಮುಚ್ಚಳ ಬೀಳುತ್ತದೆ, ಪಕ್ಕದಲ್ಲಿ ಮಾಂಸದ ಸಾರು, ಇನ್ನೊಂದು ಕಡೆ ಪಾಯಸ. ಪೂಜೆ ಮುಗಿದು, ಬಾಲಯೇಸುವಿಗೆ ಮುತ್ತಿಟ್ಟು, ಎಲ್ಲರಿಗೂ ಶುಭಾಶಯ ಹೇಳಿ ಮನೆಗೆ ಬರುವಾಗ ಗಂಟೆ ಒಂದೂವರೆ, ಎರಡು. ಆಗ ಒಂದಿಷ್ಟು ಊಟ. ಉಳಿದದ್ದು ಅಲ್ಲೇ, ಒಲೆಯ ಮೇಲೆ. ಮಾರನೆಯ ದಿನ ನೆಂಟರು ಬಂದಾಗ ಮತ್ತೊಮ್ಮೆ ಬಿಸಿ ಮಾಡಿ ಬಡಿಸುತ್ತೇವೆ. ಅಷ್ಟು ಹೊತ್ತಿಗೆ ಆ ಅಡಿಗೆ ಬೆಂದು ಹದಿನೇಳು ಗಂಟೆಗಳಾಗಿರುತ್ತವೆ.

ಇದನ್ನು ತಿನ್ನಬಹುದೇ? ಈ ಪ್ರಶ್ನೆ ಬಂದಾಗ ಮನೆಯಲ್ಲಿ ಎರಡು ದನಿಗಳು ಏಳುತ್ತವೆ. "ಅನ್ನ ಚೆಲ್ಲಬಾರದು, ದೇವರು ಮೆಚ್ಚುವುದಿಲ್ಲ" ಎನ್ನುವುದು ಅಜ್ಜಿಯ ದನಿ. "ರಾತ್ರಿಯದ್ದು, ಹೊಟ್ಟೆ ಕೆಡುತ್ತೆ" ಎನ್ನುವುದು ಮೊಮ್ಮಕ್ಕಳ ದನಿ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಅದು ಎಷ್ಟೆಷ್ಟು ಎಂಬುದನ್ನು ತಿಳಿದುಕೊಳ್ಳುವುದೇ ಈ ಲೇಖನದ ಉದ್ದೇಶ.

ಮೊದಲು ನೇರವಾದ ಉತ್ತರವನ್ನು ಹೇಳಿಬಿಡೋಣ. ಬೇಯಿಸಿದ ಅನ್ನ, ಮಾಂಸ, ಮೀನು, ಮೊಟ್ಟೆ, ಬೇಳೆ, ಹಾಲಿನ ಪದಾರ್ಥ ಇವು ರಾತ್ರಿಯಿಡೀ ಹೊರಗೆ ಉಳಿದರೆ ತಿನ್ನಲು ಸುರಕ್ಷಿತವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಮನೆಮನೆಗೆ ತಲುಪಲೆಂದು ಸುರಕ್ಷಿತ ಆಹಾರದ ಐದು ಸೂತ್ರಗಳನ್ನು ಹೊರಡಿಸಿತು. ಬೆಂದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಬಿಡಬಾರದು ಎಂಬ ಮಾತು ಅದರಲ್ಲಿದೆ. ಬಿಸಿ ಇಡುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗಿಡುವುದಾದರೆ 5 ಡಿಗ್ರಿಗಿಂತ ಕೆಳಗೆ. ಇವೆರಡರ ನಡುವಿನ ಬೆಚ್ಚಗಿನ ಸ್ಥಿತಿಯೇ ಅಪಾಯದ ಸ್ಥಿತಿ. ಡಿಸೆಂಬರ್ ಚಳಿ ತಾನೇ, ಏನೂ ಆಗದು ಎಂದು ನಾವು ಅಂದುಕೊಳ್ಳುವುದುಂಟು. ಆದರೆ ನಮ್ಮ ಬೆಂಗಳೂರು, ಮೈಸೂರು, ಚಿಕ್ಕಮಗಳೂರುಗಳ ಚಳಿ ಫ್ರಿಜ್ಜಿನ ಚಳಿಯಲ್ಲ. ಅದರ ಮೇಲೆ ಮುಚ್ಚಿಟ್ಟ ದೊಡ್ಡ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಇನ್ನು ಪಾಸ್ಖ ಹಬ್ಬ ಬರುವುದು ಬೇಸಿಗೆಯಲ್ಲಿ. ಬಳ್ಳಾರಿ, ರಾಯಚೂರು, ಕಲಬುರಗಿಯ ಮನೆಗಳಲ್ಲಿ ಆ ಎರಡು ಗಂಟೆಯೂ ಹೆಚ್ಚೇ. ಸೆಕೆ 32 ಡಿಗ್ರಿ ದಾಟಿದಲ್ಲಿ ಒಂದೇ ಗಂಟೆ ಎಂದು ಲೆಕ್ಕ ಹಿಡಿಯಬೇಕು.

"ಇನ್ನೊಂದು ಕುದಿ ಕೊಟ್ಟರಾಯಿತು, ಎಲ್ಲ ಕ್ರಿಮಿಯೂ ಸಾಯುತ್ತದೆ" ಎಂಬುದು ನಮ್ಮಲ್ಲಿ ಬೇರೂರಿರುವ ನಂಬಿಕೆ. ಹೆಚ್ಚು ಜನ ಮೋಸ ಹೋಗುವುದು ಇಲ್ಲಿಯೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಅನ್ನವನ್ನೇ ತೆಗೆದುಕೊಳ್ಳೋಣ. ಹೊಲದ ಮಣ್ಣಿನಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿ ಇರುತ್ತದೆ. ಅದು ಭತ್ತದೊಂದಿಗೆ ಅಕ್ಕಿಗೂ ಬರುತ್ತದೆ. ಕಷ್ಟಕಾಲ ಬಂದಾಗ ಅದು ಗಟ್ಟಿ ಸಿಪ್ಪೆಯ ಬೀಜದಂತಹ ರೂಪ ತಾಳುತ್ತದೆ. ಇದಕ್ಕೆ ಬೀಜಕ ಎನ್ನುತ್ತಾರೆ. ಅನ್ನ ಕುದಿಯುವಾಗ ಬೇರೆ ಕ್ರಿಮಿಗಳು ಸತ್ತರೂ ಈ ಬೀಜಕಗಳು ಸಾಯುವುದಿಲ್ಲ. ಅನ್ನ ಆರಿ ಬೆಚ್ಚಗಾದಾಗ ಅವು ಮೊಳೆತು ಹೆಚ್ಚತೊಡಗುತ್ತವೆ. ಹಾಗೆ ಬೆಳೆಯುತ್ತಾ ಅನ್ನದೊಳಗೆ ಒಂದು ವಿಷವನ್ನು ಬಿಡುತ್ತವೆ. ಈ ವಿಷವನ್ನು 121 ಡಿಗ್ರಿ ಶಾಖದಲ್ಲಿ ಒಂದೂವರೆ ಗಂಟೆ ಇಟ್ಟರೂ ಅದು ಅಳಿಯುವುದಿಲ್ಲ. ಪ್ರೆಷರ್ ಕುಕ್ಕರಿಗೂ ಬಗ್ಗದ ವಿಷ ಬಾಣಲೆಯಲ್ಲಿ ಒಗ್ಗರಣೆ ಹಾಕಿದರೆ ಹೋಗುತ್ತದೆಯೇ? ಬೆಳಗ್ಗೆ ಕ್ರಿಮಿ ಸತ್ತಿರಬಹುದು, ಅದು ರಾತ್ರಿ ಬಿಟ್ಟ ವಿಷ ತಟ್ಟೆಯಲ್ಲೇ ಇರುತ್ತದೆ.

ಈ ರೋಗ ವೈದ್ಯಲೋಕದ ಗಮನಕ್ಕೆ ಬಂದ ಬಗೆ ಸ್ವಾರಸ್ಯಕರವಾಗಿದೆ. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳಲ್ಲಿ ಫ್ರೈಡ್ ರೈಸ್ ತಿಂದವರು ಕೆಲವೇ ಗಂಟೆಗಳಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದರು. ಹುರಿಯುವಾಗ ಅನ್ನ ಅಂಟಬಾರದೆಂದು ಹಿಂದಿನ ದಿನವೇ ಬೇಯಿಸಿ, ರಾತ್ರಿಯಿಡೀ ಹೊರಗೆ ಆರಲು ಬಿಡುತ್ತಿದ್ದದ್ದೇ ಕಾರಣವೆಂದು ಗೊತ್ತಾಯಿತು. ನಮ್ಮ ಮನೆಗಳ ಬೆಳಗಿನ ಚಿತ್ರಾನ್ನದ ಪದ್ಧತಿಯೂ ಇದೇ ಅಲ್ಲವೇ? 2008ರಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಲ್ಲಿ 20 ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನ ಅಡಿಗೆಮನೆಯಲ್ಲೇ ಉಳಿದಿದ್ದ, ಗೋಧಿಯ ಶ್ಯಾವಿಗೆಯಂತಹ ಸ್ಪಗೆಟಿಯನ್ನು ಬಿಸಿ ಮಾಡಿ ತಿಂದು ಅದೇ ರಾತ್ರಿ ಪ್ರಾಣ ಕಳೆದುಕೊಂಡ. ಅಲ್ಲಿಯೂ ಇದೇ ಕ್ರಿಮಿ, ಇದೇ ವಿಷ. ಇಂತಹ ಸಾವು ಬಹಳ ಅಪರೂಪ, ಹೆದರಿಸಲೆಂದು ಇದನ್ನು ಹೇಳುತ್ತಿಲ್ಲ. ಸಾಮಾನ್ಯವಾಗಿ ಒಂದರಿಂದ ಆರು ಗಂಟೆಯೊಳಗೆ ವಾಂತಿಯಾಗಿ, ಒಂದು ದಿನದಲ್ಲಿ ಶಮನವಾಗುತ್ತದೆ. ಆದರೆ "ಬಿಸಿ ಮಾಡಿದ್ದೇವಲ್ಲ" ಎಂಬ ಧೈರ್ಯಕ್ಕೆ ಆಧಾರವಿಲ್ಲ ಎಂಬುದಂತೂ ಇದರಿಂದ ತಿಳಿಯುತ್ತದೆ.

ಮಾಂಸದ ಸಾರಿನ ಕಥೆ ಬೇರೆ. ದೊಡ್ಡ ಪಾತ್ರೆಯಲ್ಲಿ ಕುದಿದ ಸಾರಿನ ಆಳದಲ್ಲಿ ಗಾಳಿ ಇರುವುದಿಲ್ಲ. ಗಾಳಿಯಿಲ್ಲದ, ಬೆಚ್ಚಗಿನ, ಮಾಂಸವಿರುವ ಜಾಗವೇ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬ ಕ್ರಿಮಿಗೆ ತವರುಮನೆ. ಇದರ ಬೀಜಕಗಳೂ ಕುದಿತವನ್ನು ತಾಳಿಕೊಳ್ಳುತ್ತವೆ. ಸಾರು 45 ಡಿಗ್ರಿಯ ಆಸುಪಾಸಿಗೆ ಇಳಿದಾಗ ಇದು ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಅಷ್ಟು ವೇಗ ಬೇಡ, ಇಪ್ಪತ್ತು ನಿಮಿಷಕ್ಕೊಮ್ಮೆ ಎಂದೇ ಇಟ್ಟುಕೊಳ್ಳೋಣ. ರಾತ್ರಿ ಹತ್ತಕ್ಕೆ ಒಂದೇ ಒಂದು ಕ್ರಿಮಿ ಇದ್ದರೆ ಬೆಳಗಿನ ಐದಕ್ಕೆ 20,97,152. ಮದುವೆ, ಹಬ್ಬ, ಹಾಸ್ಟೆಲ್ಲುಗಳ ಸಾಮೂಹಿಕ ಊಟಗಳಲ್ಲಿ ಹೊಟ್ಟೆನೋವು, ಭೇದಿಯಾಗಲು ಇದು ಒಂದು ಮುಖ್ಯ ಕಾರಣ. ತಿಂದ 6ರಿಂದ 24 ಗಂಟೆಗಳ ಮೇಲೆ ಕಾಣಿಸಿಕೊಳ್ಳುವುದರಿಂದ ಎಷ್ಟೋ ಸಲ ನಾವು ಪಾಪ, ಬೇರೆ ಯಾವುದೋ ಊಟವನ್ನು ದೂರುತ್ತಿರುತ್ತೇವೆ! ಈ ಕ್ರಿಮಿಯ ಮಟ್ಟಿಗೆ ಚೆನ್ನಾಗಿ ಕುದಿಸುವುದರಿಂದ ಪ್ರಯೋಜನವುಂಟು. ಆದರೆ ನೆಂಟರು ಬಾಗಿಲಲ್ಲಿರುವಾಗ ನಾವು ಮಾಡುವುದು ಬರೀ ಬೆಚ್ಚಗೆ ಮಾಡುವ ಕೆಲಸ. ಆಗ ಅಂಚಿನಲ್ಲಿ ಗುಳ್ಳೆ ಕಂಡರೂ ನಡುವಿನ ತುಂಡು ತಣ್ಣಗಿರುತ್ತದೆ.

ಮೂರನೆಯದು ನಮ್ಮ ಕೈಗಳಿಂದಲೇ ಬರುವಂಥದ್ದು. ಮೂಗು, ಚರ್ಮ, ಬೆರಳಿನ ಗಾಯಗಳಲ್ಲಿ ಇರುವ ಸ್ಟೆಫಿಲೋಕಾಕಸ್ ಎಂಬ ಕ್ರಿಮಿ, ಬೆಂದ ಮೇಲೆ ಕೈಯಿಂದ ಬಿಡಿಸಿದ ಕೋಳಿ, ಕೇಕಿನ ಕ್ರೀಮು, ಹಾಲಿನ ಸಿಹಿಗಳಲ್ಲಿ ಬೆಳೆಯುತ್ತದೆ. ಇದರ ವಿಷವೂ ಶಾಖಕ್ಕೆ ಜಗ್ಗುವುದಿಲ್ಲ.

ಮೂಸಿ ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ತಾಯಂದಿರು ಕೇಳಬಹುದು. ಹಳಸಿದ ವಾಸನೆ, ನೊರೆ, ಲೋಳೆ ಕಂಡರೆ ಹೇಗೂ ಚೆಲ್ಲುತ್ತೇವೆ. ಆದರೆ ಆಹಾರವನ್ನು ಹಳಸುವ ಕ್ರಿಮಿಗಳು ಬೇರೆ, ನಮ್ಮನ್ನು ಕಾಯಿಲೆ ಬೀಳಿಸುವ ಕ್ರಿಮಿಗಳು ಬೇರೆ. ಎರಡನೆಯವು ಎಷ್ಟೋ ಸಲ ರುಚಿ, ಬಣ್ಣ, ವಾಸನೆ ಯಾವುದನ್ನೂ ಕೆಡಿಸದೆ ಇರುತ್ತವೆ.

ಹಾಗಾದರೆ ನಮ್ಮ ಹಿರಿಯರು ತಂಗಳು ಉಂಡು ಬದುಕಲಿಲ್ಲವೇ? ಇದು ನ್ಯಾಯವಾದ ಪ್ರಶ್ನೆ, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಹಿರಿಯರ ತಂಗಳನ್ನ ಎಂದರೆ ಸುಮ್ಮನೆ ಬಿಟ್ಟ ಅನ್ನವಲ್ಲ. ಉಳಿದ ಅನ್ನಕ್ಕೆ ಮುಳುಗುವಷ್ಟು ನೀರು ಹಾಕಿ ಮಡಕೆಯಲ್ಲಿ ಇಡುತ್ತಿದ್ದರು. ಮೊಸರನ್ನು ಹೆಪ್ಪಾಗಿಸುವ ಬಳಗದ ಸೂಕ್ಷ್ಮಜೀವಿಗಳೇ ಅದರಲ್ಲಿ ಬೆಳೆದು ನೀರನ್ನು ಹುಳಿಯಾಗಿಸುತ್ತಿದ್ದವು. ಹುಳಿಯಲ್ಲಿ ಕೆಟ್ಟ ಕ್ರಿಮಿಗಳು ಸುಲಭವಾಗಿ ಬೆಳೆಯಲಾರವು. ಬೆಳಗ್ಗೆ ಅದಕ್ಕೆ ಮಜ್ಜಿಗೆ, ಉಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ. ರಾಗಿ ಅಂಬಲಿಯ ಗುಟ್ಟೂ ಇದೇ. ಪುಳಿಯೋಗರೆ ಪ್ರಯಾಣಕ್ಕೆ ಬರುವುದು ಹುಣಸೆ ಮತ್ತು ಎಣ್ಣೆಯ ಬಲದಿಂದ. ಕರಾವಳಿಯ ಮನೆಗಳಲ್ಲಿ ವಿನೆಗರ್ ಹಾಕಿದ ಹಂದಿ ಮಾಂಸ ಮಾರನೆಯ ದಿನ ಇನ್ನೂ ರುಚಿ ಎನ್ನುವುದಕ್ಕೂ ಹುಳಿಯ ನಂಟಿದೆ. ಹಿರಿಯರು ಹುಳಿ, ಉಪ್ಪು, ಬಿಸಿಲು, ಹೊಗೆ ಇವುಗಳಿಂದ ಆಹಾರವನ್ನು ಕಾಯುತ್ತಿದ್ದರು. ಹಾಗೆಂದು ಅವೆಲ್ಲ ಪೂರ್ತಿ ನಿರಪಾಯ ಎಂದು ನಾವು ಹೇಳಲಾರೆವು. ಹುಳಿ ಬರುವ ಮೊದಲಿನ ಗಂಟೆಗಳಲ್ಲಿ ಏನು ಬೆಳೆದಿದೆಯೋ ಕಂಡವರಾರು? ಬಸುರಿ ಹೆಣ್ಣುಮಕ್ಕಳು, ಹಸುಗೂಸುಗಳು, ಮುಪ್ಪಿನವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಕೊಡದಿರುವುದೇ ಲೇಸು. ಇನ್ನು ಹಬ್ಬದ ಬಿರಿಯಾನಿಗಂತೂ ತಂಗಳನ್ನದ ರಕ್ಷಣೆ ಯಾವುದೂ ಇಲ್ಲ. ಅಜ್ಜಿಯರು ರಾತ್ರಿಯೊಮ್ಮೆ, ಬೆಳಗ್ಗೆಯೊಮ್ಮೆ ಮಾಂಸದ ಸಾರಿಗೆ ಕುದಿ ಕೊಟ್ಟು ಮುಚ್ಚಳ ತೆಗೆಯದೆ ಇಡುತ್ತಿದ್ದರು. ಏನೂ ಮಾಡದಿರುವುದಕ್ಕಿಂತ ಅದು ಮೇಲು. ಆದರೆ ಎರಡು ಕುದಿಗಳ ನಡುವಿನ ಎಂಟು ಗಂಟೆ ಆ ಬೀಜಕಗಳಿಗೆ ಬೇಕಾದಷ್ಟಾಯಿತು.

ಮನೆಯಲ್ಲಿ ಮಾಡಬಹುದಾದದ್ದು ಕಷ್ಟದ್ದೇನಲ್ಲ. ಅನ್ನವನ್ನು ಪೂಜೆಯಿಂದ ಬಂದ ಮೇಲೆ ಮಾಡಿದರೆ ಅರ್ಧ ಗಂಟೆಯ ಕೆಲಸ. ಅಕ್ಕಿ ತೊಳೆದು ಸಿದ್ಧವಾಗಿಟ್ಟು ಹೋಗಬಹುದು. ಸಾರನ್ನು ಸಂಜೆಯೇ ಮಾಡಿದರೆ, ಹೊರಡುವ ಮುನ್ನ ಪಾತ್ರೆಯನ್ನು ತಣ್ಣೀರು ತುಂಬಿದ ಅಗಲ ಬೇಸನ್ನಿನಲ್ಲಿಟ್ಟು ಕೈಯಾಡಿಸುತ್ತಾ ಆರಿಸಿ, ಸಣ್ಣ ಡಬ್ಬಗಳಿಗೆ ಹಂಚಿ ಫ್ರಿಜ್ಜಿನಲ್ಲಿಡಬೇಕು. ಡಬ್ಬದಲ್ಲಿ ಮೂರು ಬೆರಳಿಗಿಂತ ಆಳವಿರದಿದ್ದರೆ ಬೇಗ ತಣ್ಣಗಾಗುತ್ತದೆ. ಇಡೀ ಪಾತ್ರೆಯನ್ನೇ ಫ್ರಿಜ್ಜಿಗೆ ತುರುಕಿದರೆ ಅದರ ನಡುಭಾಗ ಬೆಳಗಿನವರೆಗೂ ತಣಿಯುವುದಿಲ್ಲ, ಪಕ್ಕದಲ್ಲಿರುವ ಹಾಲು ಮೊಸರೂ ಬೆಚ್ಚಗಾಗುತ್ತವೆ. ಫ್ರಿಜ್ಜಿನಲ್ಲಿಟ್ಟ ಅನ್ನವನ್ನು ಮಾರನೆಯ ದಿನವೇ, ಸಾರು ಪಲ್ಯಗಳನ್ನು ಮೂರು ನಾಲ್ಕು ದಿನದೊಳಗೆ ಮುಗಿಸಬೇಕು. ಬೇಕಾದಷ್ಟನ್ನೇ ತೆಗೆದು, ಎಲ್ಲ ಕಡೆಯೂ ಹಬೆಯಾಡುವಂತೆ ಒಂದೇ ಸಲ ಬಿಸಿ ಮಾಡಬೇಕು. ಕರೆಂಟು ಹೋದರೆ ಬಾಗಿಲು ತೆಗೆಯದ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪನ್ನು ಹಿಡಿದಿಡುತ್ತದೆ. ಹಾಟ್‌ಬಾಕ್ಸ್ ಎಂಬುದನ್ನು ಮಾತ್ರ ರಾತ್ರಿಯಿಡೀ ನಂಬಬೇಡಿ. ಮೊದಲಿಗೆ ಅದು ಬಿಸಿಯನ್ನು ಕಾಯುತ್ತದೆ, ಆಮೇಲೆ ಕ್ರಿಮಿಗಳಿಗೆ ಬೆಚ್ಚಗಿನ ತೊಟ್ಟಿಲಾಗುತ್ತದೆ. ಫ್ರಿಜ್ಜಿಲ್ಲದ ಮನೆಯವರು ಆ ಹೊತ್ತಿಗೆ ಬೇಕಾದಷ್ಟನ್ನೇ ಮಾಡಿ, ಮರುದಿನದ ಮಾಂಸವನ್ನು ಮರುದಿನವೇ ತರುವುದು ಒಳ್ಳೆಯದು.

ಇಷ್ಟಾಗಿಯೂ ಯಾರಿಗಾದರೂ ವಾಂತಿ ಭೇದಿಯಾದರೆ ಮೊದಲ ಕೆಲಸ ನೀರು ಕೊಡುವುದು. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ಮಲದಲ್ಲಿ ರಕ್ತ, ಜೋರು ಜ್ವರ, ಮೂತ್ರ ನಿಲ್ಲುವುದು, ಮಂಪರು, ಕುಡಿದದ್ದೆಲ್ಲ ವಾಂತಿಯಾಗುವುದು, ಮಗುವಿನ ಕಣ್ಣು ಗುಳಿ ಬೀಳುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಈಗ ಅಜ್ಜಿಯ ಮಾತಿಗೆ ಬರೋಣ. ಅನ್ನ ಚೆಲ್ಲುವುದು ತಪ್ಪೆಂಬ ಅವರ ಮನಸ್ಸು ಶುಭಸಂದೇಶದ ಮನಸ್ಸೇ ಆಗಿದೆ. ಜಗದ್ಗುರು ಫ್ರಾನ್ಸಿಸ್‌ರವರು 2013ರ ಜೂನ್ 5ರಂದು ಜನರೊಂದಿಗೆ ಮಾತನಾಡುತ್ತಾ, ಆಹಾರವನ್ನು ಎಸೆಯುವುದು ಬಡವರ ಮೇಜಿನಿಂದ ಕದ್ದಂತೆ ಎಂಬರ್ಥದ ಮಾತನ್ನು ಹೇಳಿದ್ದರು. ಐದು ಸಾವಿರ ಜನರಿಗೆ ಉಣಬಡಿಸಿದ ಪ್ರಭು ಯೇಸು ಕೂಡ, ಏನೂ ಹಾಳಾಗದಂತೆ ಉಳಿದ ತುಂಡುಗಳನ್ನು ಒಟ್ಟುಗೂಡಿಸಲು ಶಿಷ್ಯರಿಗೆ ಆಜ್ಞಾಪಿಸಿದರು (ಯೊವಾನ್ನ 6:12). ಆ ಮಾತು ಬಂದದ್ದು ಯಾವಾಗ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಜನರು ತೃಪ್ತರಾದ ಕೂಡಲೇ, ಅಲ್ಲಿಯೇ, ಮಾರನೆಯ ಬೆಳಗ್ಗೆ ಅಲ್ಲ. ಹನ್ನೆರಡು ಬುಟ್ಟಿಗಳಲ್ಲಿ ತುಂಬಿದ್ದು ಜವೆಗೋಧಿ ರೊಟ್ಟಿಯ ತುಂಡುಗಳು ಎನ್ನುತ್ತಾನೆ ಯೊವಾನ್ನ, ಅದೂ ಒಣ ಪದಾರ್ಥವೇ.

ಹಳೆಯ ಒಡಂಬಡಿಕೆಯಲ್ಲಿ ಇನ್ನೊಂದು ಬಗೆಯ ಮಾತಿದೆ. ಮರುದಿನಕ್ಕೆಂದು ಎತ್ತಿಟ್ಟ ಮನ್ನಾ ಹುಳ ಬಿದ್ದು ನಾರಿತು (ವಿಮೋಚನಕಾಂಡ 16:20). ಪಾಸ್ಖ ಕುರಿಮರಿಯ ಮಾಂಸವನ್ನು ಬೆಳಗಿನವರೆಗೆ ಉಳಿಸಕೂಡದು, ಉಳಿದರೆ ಸುಡಬೇಕು (12:10). ಕೃತಜ್ಞತಾ ಬಲಿಯ ಮಾಂಸವನ್ನು ಅದೇ ದಿನ ಉಣ್ಣಬೇಕು (ಯಾಜಕಕಾಂಡ 7:15). ಇವುಗಳನ್ನು ಆರೋಗ್ಯ ಇಲಾಖೆಯ ಸುತ್ತೋಲೆಯಂತೆ ಓದುವುದು ಸರಿಯಾಗದು, ಅವುಗಳ ಅರ್ಥ ಬೇರೆ. ಆದರೆ ಒಂದು ಪ್ರಾಣಿಯ ಮಾಂಸವನ್ನೆಲ್ಲ ಒಂದೇ ದಿನದಲ್ಲಿ ಮುಗಿಸಬೇಕಾದರೆ ಮನೆಯವರಷ್ಟೇ ಸಾಲರು, ಹೊರಗಿನವರನ್ನು ಕರೆಯಲೇಬೇಕು. ಪಾಸ್ಖ ಕುರಿಮರಿಯ ವಿಷಯದಲ್ಲಿ ಇದನ್ನು ಸ್ಪಷ್ಟವಾಗಿಯೇ ಹೇಳಲಾಗಿದೆ: ಮನೆ ಚಿಕ್ಕದಾದರೆ ನೆರೆಮನೆಯವರನ್ನು ಸೇರಿಸಿಕೊಳ್ಳಿ, ತಲೆಗೆಷ್ಟು ಬೇಕೆಂದು ಲೆಕ್ಕ ಹಾಕಿ (12:4). ಅಡಿಗೆಗೆ ಮೊದಲೇ ಲೆಕ್ಕ, ಊಟಕ್ಕೆ ಮೊದಲೇ ಹಂಚಿಕೆ.

ನಮ್ಮ ಮನೆಗಳಲ್ಲಿ ಇದು ಹೇಗೆ ನಡೆಯುತ್ತದೆ? ಕೊಂಚ ಕಹಿಯಾದ ಮಾತು, ಆದರೂ ಹೇಳಬೇಕು. ರಾತ್ರಿ ಉಳಿದದ್ದನ್ನು ಬೆಳಗ್ಗೆ ಮನೆಗೆಲಸಕ್ಕೆ ಬರುವ ಹೆಣ್ಣುಮಗಳಿಗೆ ಡಬ್ಬ ತುಂಬಿ ಕೊಡುತ್ತೇವೆ. ನಮ್ಮ ಮಕ್ಕಳಿಗೆ ಬೇಡವೆನಿಸಿದ್ದನ್ನು ಅವಳ ಮಕ್ಕಳಿಗೆ ಕೊಟ್ಟು, ದಾನ ಮಾಡಿದೆವೆಂಬ ನೆಮ್ಮದಿ ಪಡೆಯುತ್ತೇವೆ. ಆಕೆ ಇನ್ನೂ ಮೂರು ಮನೆಗಳ ಕೆಲಸ ಮುಗಿಸಿ ಮಧ್ಯಾಹ್ನ ಮನೆ ಸೇರುವಷ್ಟರಲ್ಲಿ ಆ ಅಡಿಗೆಗೆ ಮತ್ತೆ ಐದಾರು ಗಂಟೆ ಸೇರಿರುತ್ತದೆ. ಅವಳ ಮಗುವಿಗೆ ಭೇದಿಯಾದರೆ ಒಂದು ದಿನದ ಕೂಲಿ ಹೋಯಿತು, ವೈದ್ಯರ ಖರ್ಚು ಬೇರೆ. ಕೊಟ್ಟವರ ಮನೆಗೆ ಬಂದು ಆಕೆ ಅದನ್ನು ಹೇಳುವುದೂ ಇಲ್ಲ. ಕುಂಟು, ಕುರುಡು ಪ್ರಾಣಿಗಳನ್ನು ಬಲಿಗೆ ತಂದವರನ್ನು ಪ್ರವಾದಿ ಮಲಾಕಿಯ ಕೇಳಿದ ಪ್ರಶ್ನೆ ಇಲ್ಲಿ ನೆನಪಾಗುತ್ತದೆ: ಇದನ್ನೇ ನಿಮ್ಮ ರಾಜ್ಯಪಾಲನಿಗೆ ಕೊಟ್ಟರೆ ಆತ ಒಪ್ಪುತ್ತಾನೆಯೇ? (ಮಲಾಕಿಯ 1:8). ಹಸಿದವರಿಗೆ ಕೊಟ್ಟದ್ದು ತಮಗೇ ಕೊಟ್ಟದ್ದೆಂದು ಪ್ರಭು ಹೇಳಿರುವಾಗ (ಮತ್ತಾಯ 25), ನಾವು ಉಣ್ಣಲು ಹಿಂಜರಿಯುವ ತುತ್ತನ್ನು ಅವರ ಕೈಗಿಡಬಹುದೇ? ಅಂತಹ ಅಡಿಗೆ ಉಳಿದೇಬಿಟ್ಟರೆ ಅದನ್ನು ಚೆಲ್ಲಲೇಬೇಕು, ಮನಸ್ಸಿಗೆ ನೋವಾದರೂ ಸರಿ.

ಧರ್ಮಕೇಂದ್ರದ ಹಬ್ಬದ ಊಟಕ್ಕೂ ಈ ಮಾತು ಸಲ್ಲುತ್ತದೆ. ಸಂತ ಅಂತೋಣಿಯವರ ಹಬ್ಬವಿರಲಿ, ಮಾತೆ ಮರಿಯಮ್ಮನವರ ಜನನೋತ್ಸವವಿರಲಿ, ಸಾವಿರ ಜನರಿಗೆ ಮಾಡಿ ಆರುನೂರು ಜನ ಬಂದರೆ ಉಳಿದ ಅನ್ನದ ಕೊಪ್ಪರಿಗೆಯನ್ನು ಸಂಜೆಯವರೆಗೆ ಪೆಂಡಾಲಿನಲ್ಲಿ ಬಿಡಬಾರದು. ಹತ್ತಿರದ ವೃದ್ಧಾಶ್ರಮ, ಅನಾಥಾಲಯಗಳ ಫೋನ್ ನಂಬರನ್ನು ಸಮಿತಿಯವರು ಹಿಂದಿನ ದಿನವೇ ಬರೆದಿಟ್ಟುಕೊಂಡು, ಉಳಿಯುವಂತೆ ಕಂಡ ಕೂಡಲೇ, ಎಲೆ ಹಾಕುತ್ತಿರುವಾಗಲೇ, ಬಿಸಿಯಾಗಿ ಕಳುಹಿಸಬೇಕು. ಉಳಿದ ಆಹಾರವನ್ನು ಸಂಗ್ರಹಿಸಿ ಹಂಚುವ ಸಂಸ್ಥೆಗಳಿಗಾಗಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ನಿಯಮಗಳನ್ನೇ ರೂಪಿಸಿದೆ. ಬಡಿಸಿ ಎಂಜಲಾದದ್ದು, ಜನರು ಕೈಹಾಕಿದ ಪಾತ್ರೆಯದ್ದು ಈ ಲೆಕ್ಕಕ್ಕೆ ಬರುವುದಿಲ್ಲ.

ಮನೆಯಲ್ಲಿಯೂ ಹೀಗೆಯೇ ಮಾಡಬಹುದು. ಪೂಜೆಗೆ ಹೊರಡುವ ಮುನ್ನ, ಏಳು ಗಂಟೆಯ ಬಿಸಿ ಬಿಸಿ ಬಿರಿಯಾನಿಯಲ್ಲಿ ಮೊದಲ ಡಬ್ಬ ನೆರೆಮನೆಯವರಿಗೆ, ಕಾವಲುಗಾರನಿಗೆ, ಒಂಟಿಯಾಗಿರುವ ಮುದುಕಿಗೆ. ಮನೆಗೆಲಸದ ತಾಯಿಗೆ ಅಂದು ಸಂಜೆಯೇ ಬರಹೇಳಿ ತುಂಬಿ ಕೊಡಬಹುದು. ಮಾರನೆಯ ದಿನ ಬರುವವರಿಗೆ ಕೊಡಲು ಬೇರೆ ಪದಾರ್ಥಗಳಿವೆ. ಕರಾವಳಿಯವರು ಕ್ರಿಸ್ಮಸ್‌ಗೆ ಮನೆಮನೆಗೆ ಕಳುಹಿಸುವ ಕುಸ್ವಾರ್ ತಟ್ಟೆಯಲ್ಲಿ ಏನಿರುತ್ತದೆ, ನೋಡಿ: ನೆವ್ರಿ, ಕಿಡಿಯೊ, ಗುಲಿಯೊ, ರೋಸ್ ಕುಕ್ಕೀಸ್. ಬಯಲುಸೀಮೆಯವರ ತಟ್ಟೆಯಲ್ಲಿ ಕಜ್ಜಾಯ, ಚಕ್ಕುಲಿ, ಕರ್ಜಿಕಾಯಿ. ಎಲ್ಲವೂ ಎಣ್ಣೆಯಲ್ಲಿ ಕರಿದದ್ದು ಇಲ್ಲವೇ ಸಕ್ಕರೆ ಬೆಲ್ಲದಲ್ಲಿ ಕಟ್ಟಿದ್ದು, ನೀರಿನಂಶವಿಲ್ಲದ್ದು. ಫ್ರಿಜ್ಜಿಲ್ಲದ ಕಾಲದಲ್ಲಿ ಹತ್ತು ಮನೆ ಸುತ್ತಿ, ಹತ್ತು ದಿನ ಕಳೆದರೂ ಕೆಡದ ತಿಂಡಿಗಳನ್ನೇ ಅವರು ಆರಿಸಿಕೊಂಡಿದ್ದರು.